ರಕ್ತದ ಮೇದೋವಾಹಕ ಪ್ರೋಟೀನುಗಳು: ಪರೀಕ್ಷಾಕ್ರಮಗಳ ಚರಿತ್ರೆಯೂ ಹೆಸರುಗಳ ವಿಚಾರವೂ

೧

ಗದಾಯುದ್ಧದ ಕವಿಯಾದ ರನ್ನನ ಹುಟ್ಟೂರು ಮುದುವೊಳಲು, ಎಂದರೆ ಇಂದಿನ ಮುಧೋಳ. ಬಳೆಗಾರರ ಕುಲದಲ್ಲಿ ಕ್ರಿ.ಶ. ೯೪೯ರಲ್ಲಿ ಹುಟ್ಟಿದ ಈ ಕವಿಯು, ರತ್ನವನ್ನು ಪರೀಕ್ಷಿಸುವವನಿಗೂ ಕೃತಿರತ್ನವನ್ನು ಪರೀಕ್ಷಿಸುವವನಿಗೂ ಇರಬೇಕಾದ ಯೋಗ್ಯತೆ ಏನೆಂದು ತನ್ನ ಕಾವ್ಯದಲ್ಲಿ ಗರ್ವದಿಂದಲೇ ಕೇಳಿರುವುದು ವಿದ್ವಾಂಸರಿಗೆ ವಿದಿತವಾದ ಸಂಗತಿ. ಪರೀಕ್ಷಕನು ಯಾರು, ಅವನ ಒರೆಗಲ್ಲು ಯಾವುದು ಎಂಬುದನ್ನು ತಿಳಿಯದೆ ಪರೀಕ್ಷೆಯ ಫಲವನ್ನು ಮಾತ್ರ ನಂಬುವುದು ಉಚಿತವಲ್ಲವೆಂಬುದೇ ಆ ಪ್ರಶ್ನೆಯ ತಾತ್ಪರ್ಯ. ಈ ಮಾತು ಕಾವ್ಯಕ್ಕೆ ಸಲ್ಲುವಂತೆ ರಕ್ತಪರೀಕ್ಷೆಗೂ ಸಲ್ಲುತ್ತದೆ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಇಂದು ರಕ್ತಪರೀಕ್ಷೆಯ ವರದಿಯೆಂಬುದು ಅಪರೂಪದ ವಸ್ತುವಲ್ಲ. ಮಗ್ಗದ ಮುಂದೆ ಕುಳಿತು ಎದೆನೋವೆಂದವನ ಕೈಯಲ್ಲಿಯೂ, ಕಬ್ಬಿನ ಗದ್ದೆಯಿಂದ ಬಂದ ಒಕ್ಕಲಿಗನ ಕೈಯಲ್ಲಿಯೂ ಆ ಕಾಗದವನ್ನು ಕಾಣಬಹುದು. ಅದರಲ್ಲಿ ಒಟ್ಟು ಕೊಲೆಸ್ಟೆರಾಲ್, ಟ್ರೈಗ್ಲಿಸರೈಡ್, ಎಚ್.ಡಿ.ಎಲ್., ಎಲ್.ಡಿ.ಎಲ್., ವಿ.ಎಲ್.ಡಿ.ಎಲ್. ಎಂದು ಐದು ಸಾಲುಗಳಿರುತ್ತವೆ. ಪ್ರತಿಯೊಂದರ ಮುಂದೆಯೂ ಒಂದು ಅಂಕಿ. ಓದುವವನು ಈ ಐದನ್ನೂ ಸಮಾನವಾಗಿ ಅಳೆದ ಅಂಕಿಗಳೆಂದು ತಿಳಿಯುತ್ತಾನೆ. ಆದರೆ ಅನೇಕ ವರದಿಗಳಲ್ಲಿ ಅಳತೆಯಾದವು ಮೂರೇ. ಉಳಿದೆರಡು ಲೆಕ್ಕದಿಂದ ಬಂದವು. ಔಷಧವನ್ನು ಕೊಡಬೇಕೆ ಬೇಡವೆ ಎಂಬ ತೀರ್ಮಾನಕ್ಕೆ ಮುಖ್ಯ ಆಧಾರವಾದ ಎಲ್.ಡಿ.ಎಲ್. ಅಂಕಿಯು ಹೀಗೆ ಲೆಕ್ಕದಿಂದ ಬಂದ ಗುಂಪಿಗೇ ಸೇರಿರಬಹುದು. ಈ ಹೆಸರುಗಳು ಎಲ್ಲಿಂದ ಬಂದವು, ಅವುಗಳ ಹಿಂದೆ ಇರುವ ಪರೀಕ್ಷಾಕ್ರಮಗಳು ಯಾವುವು, ಅವುಗಳಲ್ಲಿ ಪರಸ್ಪರ ವಿರೋಧವೆಲ್ಲಿ, ಕನ್ನಡದಲ್ಲಿ ಇವನ್ನು ಹೇಗೆ ಹೇಳಿದರೆ ಅರ್ಥಕ್ಕೆ ಹಾನಿಯಾಗದು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಈ ನಾಲ್ಕು ಊರುಗಳ ಚರಿತ್ರೆಯನ್ನು ಬರೆಯಹೊರಟವನಿಗೆ ಒಂದು ಕಷ್ಟ ಎದುರಾಗುವುದುಂಟು. ೧೯೪೮ರ ವಿಲೀನದವರೆಗೆ ಜಮಖಂಡಿಯು ಪಟವರ್ಧನರ ಸಂಸ್ಥಾನ, ಮುಧೋಳವು ಘೋರ್ಪಡೆಯವರದು, ರಬಕವಿಯು ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದಿತು, ಬೀಳಗಿಯು ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿದ್ದಿತು. ೧೯೯೭ರಲ್ಲಿ ರಚಿತವಾದ ಬಾಗಲಕೋಟೆ ಜಿಲ್ಲೆಯಲ್ಲಿ ಇವೆಲ್ಲವೂ ಒಂದಾದವು. ಕೃಷ್ಣಾ ಘಟಪ್ರಭೆಗಳ ನಡುವಣ ನಾಡು ಒಂದೇ. ಆದರೆ ಅದರ ಕಾಗದಪತ್ರಗಳು ನಾಲ್ಕು ದಫ್ತರಗಳಲ್ಲಿ ನಾಲ್ಕು ರೀತಿಯಲ್ಲಿ ಬರೆಯಲ್ಪಟ್ಟವು. ರಕ್ತದಲ್ಲಿ ಮೇದಸ್ಸನ್ನು ಹೊತ್ತು ತಿರುಗುವ ಪ್ರೋಟೀನುಗಳ ಚರಿತ್ರೆಯೂ ಇಂಥದೇ. ಪದಾರ್ಥ ಒಂದೇ, ಅದನ್ನು ಪ್ಯಾರಿಸ್ಸಿನವರು ಒಂದು ಕ್ರಮದಿಂದಲೂ, ಉಪ್ಸಾಲಾದವರು ಇನ್ನೊಂದರಿಂದಲೂ, ಅಮೆರಿಕದ ಬರ್ಕ್ಲಿಯವರು ಮತ್ತೊಂದರಿಂದಲೂ ಬೇರ್ಪಡಿಸಿದರು, ತಮ್ಮ ತಮ್ಮ ಕ್ರಮಕ್ಕೆ ತಕ್ಕ ಹೆಸರನ್ನಿಟ್ಟರು. ಆ ಹೆಸರುಗಳನ್ನು ಒಟ್ಟಿಗೆ ಹೊಂದಿಸಿ ನೋಡುವುದು ಪಾಠಾಂತರಗಳನ್ನು ಹೊಂದಿಸಿ ನೋಡುವ ಕೆಲಸಕ್ಕೆ ಸಮಾನವಾದುದು.

೨

ಆಯುರ್ವೇದವು ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರ ಎಂಬ ಏಳು ಧಾತುಗಳನ್ನು ಹೇಳುತ್ತದೆ. ಇವುಗಳಲ್ಲಿ ರಕ್ತವೂ ಮೇದಸ್ಸೂ ಬೇರೆ ಬೇರೆ ಧಾತುಗಳು. ರಕ್ತದೊಳಗೇ ಮೇದಸ್ಸು ಸಂಚರಿಸುವುದೆಂಬುದು ಪಾಶ್ಚಾತ್ಯರಿಗೆ ಮೊದಲು ಕಣ್ಣಿಗೇ ಕಂಡುಬಂದ ಸಂಗತಿ. ಕೊಬ್ಬಿನ ಆಹಾರವನ್ನು ಉಂಡ ಕೆಲವು ಗಂಟೆಗಳ ತರುವಾಯ ತೆಗೆದ ರಕ್ತವನ್ನು ಹೆಪ್ಪುಗಟ್ಟಲು ಬಿಟ್ಟರೆ, ಮೇಲೆ ನಿಲ್ಲುವ ಸೀರಂ ಎಂಬ ತಿಳಿಯು ಹಾಲು ಬೆರೆತ ನೀರಿನಂತೆ ಕಾಣುವುದುಂಟು. ಹದಿನೇಳನೆಯ ಶತಮಾನದ ಇಂಗ್ಲೆಂಡಿನ ವಿದ್ವಾಂಸರು ಇದನ್ನು ಗಮನಿಸಿ ಬರೆದಿಟ್ಟರು. ೧೯೨೦ರ ದಶಕದಲ್ಲಿ ಅಮೆರಿಕದ ಗೇಜ್ ಎಂಬವರು ಈ ಹಾಲುಬಣ್ಣಕ್ಕೆ ಕಾರಣವಾದ ಸೂಕ್ಷ್ಮ ಕಣಗಳನ್ನು ಸೂಕ್ಷ್ಮದರ್ಶಕದ ಕತ್ತಲೆಯ ಹಿನ್ನೆಲೆಯಲ್ಲಿ ಎಣಿಸಿ, ಅವಕ್ಕೆ ಕೈಲೋಮೈಕ್ರಾನ್ ಎಂದು ಹೆಸರಿಟ್ಟರು.

ಇನ್ನೊಂದು ಧಾರೆ ಪಿತ್ತಕೋಶದ ಕಲ್ಲುಗಳಿಂದ ಹೊರಟಿತು. ಆ ಕಲ್ಲುಗಳಿಂದ ದೊರೆತ ಮೇಣದಂತಹ ಪದಾರ್ಥಕ್ಕೆ ಫ್ರಾನ್ಸಿನ ಶೆವ್ರೊಲ್ ಎಂಬವರು ಸುಮಾರು ೧೮೧೫ರಲ್ಲಿ ಕೊಲೆಸ್ಟೆರೀನ್ ಎಂಬ ಹೆಸರನ್ನು ಕೊಟ್ಟರು. ಗ್ರೀಕ್ ಭಾಷೆಯಲ್ಲಿ ಕೊಲೆ ಎಂದರೆ ಪಿತ್ತ, ಸ್ಟೆರಿಯೋಸ್ ಎಂದರೆ ಘನವಾದುದು. ಆದುದರಿಂದ ಈ ಹೆಸರಿಗೆ ಘನಪಿತ್ತವೆಂದು ಅರ್ಥ. ೧೮೩೩ರಲ್ಲಿ ಬೂದೆ ಎಂಬವರು ಇದೇ ಪದಾರ್ಥವನ್ನು ಮನುಷ್ಯರ ರಕ್ತದಲ್ಲಿಯೂ ಕಂಡರು. ಇದು ಆಲ್ಕೊಹಾಲುಗಳ ಗುಂಪಿಗೆ ಸೇರುವುದೆಂದು ಬೆರ್ತೆಲೊ ಎಂಬವರು ೧೮೫೯ರಲ್ಲಿ ತೋರಿಸಿದ ಮೇಲೆ ಅಂತ್ಯಾಕ್ಷರಗಳು ಬದಲಾಗಿ ಕೊಲೆಸ್ಟೆರಾಲ್ ಎಂಬ ರೂಪವು ಬಳಕೆಗೆ ಬಂದಿತು. ೧೮೮೫ರಲ್ಲಿ ಲೀಬರ್ಮಾನ್, ಅವರ ಬಳಿಕ ಬುರ್ಖಾರ್ಡ್ ಎಂಬ ಜರ್ಮನ್ ಪಂಡಿತರು, ಅಸಿಟಿಕ್ ಅನ್‌ಹೈಡ್ರೈಡಿನೊಡನೆ ಗಂಧಕಾಮ್ಲವನ್ನು ಹಾಕಿದರೆ ಕೊಲೆಸ್ಟೆರಾಲ್ ಹಸುರುಬಣ್ಣವನ್ನು ತಾಳುವುದೆಂದು ಕಂಡುಕೊಂಡರು. ಬಣ್ಣದ ಗಾಢತೆಯಿಂದ ಪರಿಮಾಣವನ್ನು ಊಹಿಸುವ ಈ ಕ್ರಮವು ಅನೇಕ ದಶಕಗಳ ಕಾಲ ಪ್ರಯೋಗಶಾಲೆಗಳಲ್ಲಿ ನಡೆಯಿತು.

ಇಷ್ಟರಿಂದ ರಕ್ತದಲ್ಲಿರುವ ಕೊಲೆಸ್ಟೆರಾಲಿನ ಒಟ್ಟು ಮೊತ್ತವು ತಿಳಿಯುವಂತಾಯಿತು. ವಿಂಡೌಸ್ ೧೯೧೦ರಲ್ಲಿ, ರೋಗಗ್ರಸ್ತವಾದ ಮಹಾಧಮನಿಯ ಗೋಡೆಯಲ್ಲಿ ಕೊಲೆಸ್ಟೆರಾಲ್ ಬಹಳ ಹೆಚ್ಚಾಗಿರುವುದನ್ನು ತೋರಿಸಿದರು. ೧೯೧೩ರಲ್ಲಿ ರಷ್ಯದ ಅನಿಚ್ಕೋವ್ ಕೊಲೆಸ್ಟೆರಾಲನ್ನು ತಿನ್ನಿಸಿದ ಮೊಲಗಳ ಧಮನಿಗಳು ಕೆಡುವುದನ್ನು ತೋರಿಸಿದರು. ಆದರೆ ಒಂದು ಮೂಲ ಪ್ರಶ್ನೆ ಉಳಿಯಿತು. ಎಣ್ಣೆ ನೀರಿನಲ್ಲಿ ಕರಗದು, ಕೊಲೆಸ್ಟೆರಾಲೂ ಕರಗದು. ಬಹುಪಾಲು ನೀರೇ ಆಗಿರುವ ರಕ್ತದ ತಿಳಿಯಲ್ಲಿ, ಉಪವಾಸವಿದ್ದವನ ಸೀರಂ ಕನ್ನಡಿಯಂತೆ ಸ್ವಚ್ಛವಾಗಿ ಕಾಣುವಾಗಲೂ, ಅಷ್ಟು ಮೇದಸ್ಸು ಹೇಗೆ ಅಡಗಿರುತ್ತದೆ?

೩

ಇದಕ್ಕೆ ಉತ್ತರವನ್ನು ಕೊಟ್ಟವರು ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯ ಮಿಶೆಲ್ ಮಾಶ್‌ಬಫ್. ಅವರು ೧೯೨೯ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕುದುರೆಯ ಸೀರಮ್ಮಿಗೆ ಅಮೋನಿಯಂ ಸಲ್ಫೇಟ್ ಎಂಬ ಲವಣವನ್ನು ಅರ್ಧ ಪರ್ಯಾಪ್ತಿಯಾಗುವಷ್ಟು ಹಾಕಿ, ಗಡ್ಡೆಗಟ್ಟಿದ ಭಾಗವನ್ನು ಸೋಸಿ ತೆಗೆದು, ಉಳಿದ ತಿಳಿಗೆ ಆಮ್ಲವನ್ನು ಸೇರಿಸಿದರು. ಆಗ ಇಳಿದ ಗಸಿಯನ್ನು ಮತ್ತೆ ಕರಗಿಸಿ ಮತ್ತೆ ಇಳಿಸಿದರು. ಎಷ್ಟು ಸಾರಿ ಹಾಗೆ ಮಾಡಿದರೂ ಅದರಲ್ಲಿ ಪ್ರೋಟೀನೂ ಮೇದಸ್ಸೂ ಒಂದೇ ಪ್ರಮಾಣದಲ್ಲಿ, ಹತ್ತರಲ್ಲಿ ಸುಮಾರು ಆರು ಪಾಲು ಪ್ರೋಟೀನು, ನಾಲ್ಕು ಪಾಲು ಮೇದಸ್ಸು ಎಂಬಂತೆ, ಉಳಿದುವು. ಎರಡು ಪದಾರ್ಥಗಳು ಆಕಸ್ಮಿಕವಾಗಿ ಬೆರೆತಿದ್ದರೆ ಶುದ್ಧಿಯ ಪ್ರತಿಯೊಂದು ಹಂತದಲ್ಲಿಯೂ ಪ್ರಮಾಣವು ಬದಲಾಗಬೇಕಾಗಿತ್ತು. ಬದಲಾಗದಿದ್ದುದೇ ಅವು ಒಂದಕ್ಕೊಂದು ಬಂಧಿಸಲ್ಪಟ್ಟಿವೆ ಎಂಬುದಕ್ಕೆ ಸಾಕ್ಷಿ. ಮೇದಸ್ಸು ರಕ್ತದಲ್ಲಿ ಒಂಟಿಯಾಗಿ ತಿರುಗುವುದಿಲ್ಲ, ಪ್ರೋಟೀನಿನ ಹೆಗಲ ಮೇಲೆ ತಿರುಗುತ್ತದೆ ಎಂಬ ಸಿದ್ಧಾಂತವು ಹೀಗೆ ಸ್ಥಾಪಿತವಾಯಿತು. ಮಾಶ್‌ಬಫ್ ಕಂಡದ್ದು ಇಂದು ಎಚ್.ಡಿ.ಎಲ್. ಎಂದು ಕರೆಯಲ್ಪಡುವ ವರ್ಗದ್ದು. ಆದರೆ ಆ ಹೆಸರು ಹುಟ್ಟುವುದಕ್ಕೆ ಬೇರೊಂದು ಯಂತ್ರವು ಬೇಕಾಗಿದ್ದಿತು.

೪

ಮೊದಲನೆಯ ದಾರಿ ವಿದ್ಯುತ್ತಿನದು. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಆರ್ನೆ ಟಿಸೇಲಿಯಸ್ ೧೯೩೭ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಸೀರಮ್ಮನ್ನು ಗಾಜಿನ ನಾಳದಲ್ಲಿಟ್ಟು ವಿದ್ಯುತ್ತನ್ನು ಹಾಯಿಸಿದರೆ, ಪ್ರೋಟೀನುಗಳು ತಮ್ಮಲ್ಲಿರುವ ವಿದ್ಯುದಂಶಕ್ಕೆ ತಕ್ಕಂತೆ ಬೇರೆ ಬೇರೆ ವೇಗದಿಂದ ಸರಿಯುತ್ತವೆ. ಮುಂದೆ ಓಡುವುದು ಆಲ್ಬುಮಿನ್. ಅದರ ಹಿಂದೆ ಆಲ್ಫಾ, ಬೀಟಾ, ಗಾಮಾ ಎಂಬ ಗ್ಲಾಬ್ಯುಲಿನ್ನುಗಳು. ಗ್ರೀಕ್ ಅಕ್ಷರಮಾಲೆಯ ಕ್ರಮವೇ ಓಟದ ಕ್ರಮವಾಯಿತು. ಈ ಕಾರ್ಯಕ್ಕಾಗಿ ಟಿಸೇಲಿಯಸ್ಸರಿಗೆ ೧೯೪೮ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು. ೧೯೪೧ರಲ್ಲಿ ಬ್ಲಿಕ್ಸ್, ಟಿಸೇಲಿಯಸ್, ಸ್ವೆನ್ಸನ್ ಇವರು, ರಕ್ತದ ಮೇದಸ್ಸು ಆಲ್ಫಾ ಮತ್ತು ಬೀಟಾ ಭಾಗಗಳೆರಡರಲ್ಲಿಯೂ ಇರುವುದೆಂದು ತೋರಿಸಿದರು.

ಟಿಸೇಲಿಯಸ್ಸರ ಯಂತ್ರವು ದೊಡ್ಡದು, ದುಬಾರಿಯಾದುದು. ೧೯೫೦ರ ದಶಕದಲ್ಲಿ ಅದಕ್ಕೆ ಬದಲಾಗಿ ಸೋಸುಕಾಗದದ ಪಟ್ಟಿಯು ಬಂದಿತು. ಕ್ಷಾರದ್ರವದಲ್ಲಿ ನೆನೆಸಿದ ಕಾಗದದ ಮೇಲೆ ಒಂದು ಹನಿ ಸೀರಮ್ಮನ್ನಿಟ್ಟು, ಎರಡು ತುದಿಗಳಿಗೂ ವಿದ್ಯುತ್ತನ್ನು ಕೊಟ್ಟು, ಕೆಲವು ಗಂಟೆಗಳ ಬಳಿಕ ಪಟ್ಟಿಯನ್ನು ಒಣಗಿಸಿ ಬಣ್ಣದಲ್ಲಿ ಅದ್ದುವುದು ಇದರ ಕ್ರಮ. ಈ ಬಣ್ಣಗಾರಿಕೆಯ ಮರ್ಮವು ರಬಕವಿ-ಬನಹಟ್ಟಿಯ ನೇಕಾರರಿಗೂ ಬಣ್ಣಗಾರರಿಗೂ ಹೊಸದಲ್ಲ. ರೇಷ್ಮೆಯ ಎಳೆಗೆ ಹತ್ತುವ ಬಣ್ಣವೆಲ್ಲ ಹತ್ತಿಯ ನೂಲಿಗೆ ಹತ್ತುವುದಿಲ್ಲ. ರೇಷ್ಮೆಯು ಪ್ರೋಟೀನು, ಹತ್ತಿಯು ಅಲ್ಲ. ಪ್ರಯೋಗಶಾಲೆಯಲ್ಲಿಯೂ ಹಾಗೆಯೇ ಎರಡು ಬಗೆಯ ಬಣ್ಣಗಳುಂಟು. ಅಮಿಡೋ ಬ್ಲ್ಯಾಕ್ ಎಂಬುದು ಉಣ್ಣೆಗೂ ರೇಷ್ಮೆಗೂ ಹಾಕುವ ಬಣ್ಣಗಳ ಜಾತಿಯದು. ಅದು ಪಟ್ಟಿಯ ಮೇಲಿನ ಪ್ರೋಟೀನನ್ನು ತೋರಿಸುತ್ತದೆ. ಸೂಡಾನ್ ಬ್ಲ್ಯಾಕ್, ಆಯಿಲ್ ರೆಡ್ ಎಂಬವು ಎಣ್ಣೆಯಲ್ಲಿ ಕರಗುವ ಬಣ್ಣಗಳು. ಅವು ಮೇದಸ್ಸಿರುವ ಕಡೆ ಮಾತ್ರ ನಿಲ್ಲುತ್ತವೆ. ಒಂದೇ ಸೀರಮ್ಮಿನ ಎರಡು ಪಟ್ಟಿಗಳನ್ನು ಎರಡು ಬಣ್ಣಗಳಲ್ಲಿ ಅದ್ದಿ ಪಕ್ಕದಲ್ಲಿಟ್ಟು ನೋಡಿದರೆ, ಯಾವ ಪ್ರೋಟೀನು ಮೇದಸ್ಸನ್ನು ಹೊತ್ತಿದೆ, ಯಾವುದು ಬರಿಗೈಯಲ್ಲಿದೆ ಎಂಬುದು ಸೀರೆಯ ಅಂಚಿನ ಪಟ್ಟೆಗಳಂತೆ ಸ್ಪಷ್ಟವಾಗುತ್ತದೆ.

ಕರ್ಣಾಟಕದಲ್ಲಿ ಈ ಜಾತಿಯ ಪರೀಕ್ಷಾಕ್ರಮಗಳಿಗೆ ಮನೆಯಾದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೨೧ರಲ್ಲಿ ಆರಂಭವಾದ ಜೀವರಸಾಯನ ವಿಭಾಗ. ಅಲ್ಲಿ ಪ್ರಾಧ್ಯಾಪಕರಾಗಿದ್ದ ಕೆ. ವಿ. ಗಿರಿಯವರು ೧೯೫೦ರ ದಶಕದ ಆದಿಯಲ್ಲಿ ಕಾಗದದ ಮೇಲೆ ಪದಾರ್ಥಗಳನ್ನು ವರ್ತುಲಾಕಾರವಾಗಿ ಬೇರ್ಪಡಿಸುವ ಕ್ರಮವನ್ನು ಬೆಳೆಸಿ ಹೆಸರು ಪಡೆದರು. ಅದೇ ದಶಕದ ಮಧ್ಯಭಾಗದಲ್ಲಿ ಸೀರಮ್ಮಿನ ಪ್ರೋಟೀನುಗಳನ್ನು ಅಗರ್ ಎಂಬ ಕಡಲಪಾಚಿಯ ಗಂಜಿಯ ಪದರದಲ್ಲಿ ವಿದ್ಯುತ್ತಿನಿಂದ ಬೇರ್ಪಡಿಸುವ ಕ್ರಮಗಳನ್ನೂ ಪ್ರಕಟಿಸಿದರು. ಬೆಲೆಬಾಳುವ ಯಂತ್ರವಿಲ್ಲದ ದೇಶದಲ್ಲಿ ಕಾಗದ, ಗಂಜಿ, ಬಣ್ಣ ಇವುಗಳಿಂದಲೇ ಸೂಕ್ಷ್ಮವಾದ ಪರೀಕ್ಷೆಯು ಸಾಧ್ಯವೆಂಬುದನ್ನು ಆ ಕಾರ್ಯವು ತೋರಿಸಿಕೊಟ್ಟಿತು. ಗಿರಿಯವರು ೧೯೫೮ರಲ್ಲಿ ತೀರಿಕೊಂಡರು.

೧೯೬೩ರಲ್ಲಿ ಲೀಸ್ ಮತ್ತು ಹ್ಯಾಚ್ ಎಂಬವರು ದ್ರವಕ್ಕೆ ಆಲ್ಬುಮಿನ್ನನ್ನು ಸೇರಿಸಿದರೆ ಕಾಗದದ ಮೇಲಿನ ಪಟ್ಟೆಗಳು ಚೊಕ್ಕಟವಾಗುವುವೆಂದು ಕಂಡುಕೊಂಡರು. ಆಗ ನಾಲ್ಕು ಗುರುತುಗಳು ಬಿಡಿಬಿಡಿಯಾಗಿ ತೋರಿದವು: ಹೊರಟ ಜಾಗದಲ್ಲೇ ನಿಲ್ಲುವ ಕೈಲೋಮೈಕ್ರಾನ್, ಅದರ ಮುಂದೆ ಬೀಟಾ, ಬೀಟಾಕ್ಕಿಂತ ತುಸು ಮುಂದೆ ಪೂರ್ವಬೀಟಾ, ಎಲ್ಲಕ್ಕೂ ಮುಂದೆ ಆಲ್ಫಾ. ಇವುಗಳ ಹೆಚ್ಚು ಕಡಿಮೆಗಳನ್ನು ಆಧಾರವಾಗಿಟ್ಟುಕೊಂಡು ಫ್ರೆಡ್ರಿಕ್‌ಸನ್, ಲೀವಿ, ಲೀಸ್ ಇವರು ೧೯೬೭ರಲ್ಲಿ ರಕ್ತಮೇದಸ್ಸಿನ ವಿಕಾರಗಳನ್ನು ಐದು ವರ್ಗಗಳಾಗಿ ವಿಂಗಡಿಸಿದರು.

೫

ಎರಡನೆಯ ದಾರಿ ಭಾರದ್ದು. ಇದೇ ಉಪ್ಸಾಲಾದಲ್ಲಿ ಸ್ವೆಡ್‌ಬೆರಿ ಎಂಬವರು ೧೯೨೦ರ ದಶಕದಲ್ಲಿ ಅಲ್ಟ್ರಾಸೆಂಟ್ರಿಫ್ಯೂಜ್ ಎಂಬ ಮಹಾವೇಗದ ತಿರುಗುಯಂತ್ರವನ್ನು ನಿರ್ಮಿಸಿದ್ದರು. ಮಜ್ಜಿಗೆಯ ಗಡಿಗೆಯಲ್ಲಿ ಬೆಣ್ಣೆಯು ಮೇಲೆ ತೇಲುವುದಕ್ಕೂ, ಈ ಯಂತ್ರದಲ್ಲಿ ಪ್ರೋಟೀನು ತಳಕ್ಕಿಳಿಯುವುದಕ್ಕೂ ಕಾರಣ ಒಂದೇ. ದ್ರವಕ್ಕಿಂತ ಸಾಂದ್ರವಾದುದು ಇಳಿಯುತ್ತದೆ, ವಿರಳವಾದುದು ಏರುತ್ತದೆ. ಸೀರಮ್ಮನ್ನು ಹೀಗೆ ತಿರುಗಿಸಿದಾಗ ೧೯೩೦ರ ದಶಕದಲ್ಲಿ ಒಂದು ವಿಚಿತ್ರವು ಕಂಡುಬಂದಿತು. ಒಂದು ಭಾಗವು ಲವಣದ ಪ್ರಮಾಣವನ್ನು ಬದಲಿಸಿದಂತೆಲ್ಲ ತನ್ನ ಪರಿಮಾಣವನ್ನೇ ಬದಲಿಸುವಂತೆ ತೋರಿತು. ಸ್ವರೂಪವು ತಿಳಿಯದುದರಿಂದ ಅದನ್ನು ಎಕ್ಸ್ ಪ್ರೋಟೀನ್ ಎಂದು ಕರೆದರು.

ಈ ಗಂಟನ್ನು ಬಿಡಿಸಿದವರು ಬರ್ಕ್ಲಿಯ ಜಾನ್ ಗಾಫ್‌ಮನ್, ಫ್ರ್ಯಾಂಕ್ ಲಿಂಡ್‌ಗ್ರೆನ್, ಎಲಿಯಟ್ ಎಂಬ ಮೂವರು. ಅವರ ಲೇಖನವು ೧೯೪೯ರಲ್ಲಿ ಪ್ರಕಟವಾಯಿತು. ಮೇದಸ್ಸನ್ನು ಹೊತ್ತ ಪ್ರೋಟೀನು ಹಗುರವಾದುದು. ಅದರ ಸಾಂದ್ರತೆಯು ಸೀರಮ್ಮಿನ ಸಾಂದ್ರತೆಗೆ ಬಹು ಸಮೀಪದ್ದು. ಆದುದರಿಂದ ಅದು ಇಳಿಯಲೂ ಆರದೆ ಏರಲೂ ಆರದೆ, ಇತರ ಪ್ರೋಟೀನುಗಳು ಒತ್ತಾಗಿ ಸೇರಿದ ಕಡೆ ಸಿಕ್ಕಿಕೊಂಡು, ನೋಡುವವರನ್ನು ಮೋಸಗೊಳಿಸುತ್ತಿದ್ದಿತು. ಇದಕ್ಕೆ ಉಪಾಯವಾಗಿ ಸೀರಮ್ಮಿಗೆ ಉಪ್ಪನ್ನು ಸೇರಿಸಿ ದ್ರವದ ಸಾಂದ್ರತೆಯನ್ನು ೧.೦೬೩ಕ್ಕೆ ಏರಿಸಿದರು. ಸಿಹಿನೀರಿನಲ್ಲಿ ಮುಳುಗುವ ಕೋಳಿಮೊಟ್ಟೆಯು ಉಪ್ಪುನೀರಿನಲ್ಲಿ ತೇಲುವಂತೆ, ಮೇದೋವಾಹಕ ಪ್ರೋಟೀನುಗಳು ಇತರ ಪ್ರೋಟೀನುಗಳಿಂದ ಬೇರ್ಪಟ್ಟು ಮೇಲಕ್ಕೆ ತೇಲಿಬಂದವು. ನಿಮಿಷಕ್ಕೆ ಐವತ್ತು ಸಾವಿರಕ್ಕೂ ಮೇಲ್ಪಟ್ಟ ಸುತ್ತುಗಳ ವೇಗದಲ್ಲಿ ಅವು ತೇಲುವ ಗತಿಯನ್ನು ಅಳೆದು ಬಗೆಬಗೆಯಾಗಿ ವಿಂಗಡಿಸಲಾಯಿತು. ಕಬ್ಬಿನ ಹಾಲಿನ ಸಾಂದ್ರತೆಯನ್ನು ಬ್ರಿಕ್ಸ್ ಮಾಪಕದಿಂದ ನೋಡಿ ಸಕ್ಕರೆಯನ್ನು ಅಂದಾಜು ಮಾಡುವ ಮುಧೋಳ ಜಮಖಂಡಿಗಳ ಸೀಮೆಯ ಸಕ್ಕರೆ ಕಾರಖಾನೆಗಳಲ್ಲಿ ಈ ತತ್ತ್ವವು ದಿನನಿತ್ಯದ್ದು.

೧೯೫೫ರಲ್ಲಿ ಹ್ಯಾವೆಲ್, ಈಡರ್, ಬ್ರ್ಯಾಗ್ಡನ್ ಇವರು, ದ್ರವದ ಸಾಂದ್ರತೆಯನ್ನು ಹಂತಹಂತವಾಗಿ ಏರಿಸುತ್ತ ಒಂದೊಂದೇ ಪದರವನ್ನು ತೆಗೆಯುವ ಕ್ರಮವನ್ನು ವಿವರಿಸಿದರು. ಇಂದು ರೂಢಿಯಲ್ಲಿರುವ ಎಲ್ಲೆಗಳು ಇವು: ೧.೦೦೬ಕ್ಕಿಂತ ಕೆಳಗಿನದು ವಿ.ಎಲ್.ಡಿ.ಎಲ್., ಎಂದರೆ ಅತ್ಯಲ್ಪ ಸಾಂದ್ರತೆಯದು, ಅಲ್ಲಿಂದ ೧.೦೬೩ರವರೆಗಿನದು ಎಲ್.ಡಿ.ಎಲ್., ಅಲ್ಪ ಸಾಂದ್ರತೆಯದು, ೧.೦೬೩ರಿಂದ ೧.೨೧ರವರೆಗಿನದು ಎಚ್.ಡಿ.ಎಲ್., ಅಧಿಕ ಸಾಂದ್ರತೆಯದು. ಕೈಲೋಮೈಕ್ರಾನುಗಳು ಇವೆಲ್ಲಕ್ಕಿಂತಲೂ ಹಗುರ.

ಗಾಫ್‌ಮನ್ನರ ಕ್ರಮವು ಹೃದ್ರೋಗವನ್ನು ಮುಂಗಾಣಲು ಕೇವಲ ಕೊಲೆಸ್ಟೆರಾಲಿನ ಮೊತ್ತಕ್ಕಿಂತ ಹೆಚ್ಚು ಸಮರ್ಥವೋ ಅಲ್ಲವೋ ಎಂಬುದರ ಮೇಲೆ ದೊಡ್ಡ ವಾದವೆದ್ದಿತು. ಅಮೆರಿಕದ ನಾಲ್ಕು ಪ್ರಯೋಗಶಾಲೆಗಳು ಸುಮಾರು ಐದು ಸಾವಿರ ಪುರುಷರ ರಕ್ತವನ್ನು ಪರೀಕ್ಷಿಸಿ ೧೯೫೬ರಲ್ಲಿ ವರದಿಯನ್ನು ಪ್ರಕಟಿಸಿದವು. ಉಳಿದವರು, ದುಬಾರಿಯಾದ ಈ ಯಂತ್ರದಿಂದ ವಿಶೇಷ ಲಾಭವಿಲ್ಲವೆಂದು ತೀರ್ಮಾನಿಸಿದರು. ಗಾಫ್‌ಮನ್ನರ ಪಕ್ಷವು ಅದೇ ವರದಿಯಲ್ಲಿ ತನ್ನ ಭಿನ್ನಾಭಿಪ್ರಾಯವನ್ನು ಬೇರೆಯಾಗಿ ಬರೆಯಿತು. ಒಂದೇ ವರದಿಯೊಳಗೆ ಎರಡು ತೀರ್ಪುಗಳು ಉಳಿದಿರುವ ಈ ದಾಖಲೆಯು ವೈದ್ಯಚರಿತ್ರೆಯಲ್ಲಿ ಗಮನಾರ್ಹವಾದುದು.

೬

ಹೀಗೆ ಎರಡು ನಾಮಮಾಲಿಕೆಗಳು ಉಂಟಾದವು. ವಿದ್ಯುತ್ತಿನ ದಾರಿಯದು ಆಲ್ಫಾ, ಪೂರ್ವಬೀಟಾ, ಬೀಟಾ. ಸಾಂದ್ರತೆಯ ದಾರಿಯದು ಎಚ್.ಡಿ.ಎಲ್., ವಿ.ಎಲ್.ಡಿ.ಎಲ್., ಎಲ್.ಡಿ.ಎಲ್. ಸಾಮಾನ್ಯವಾಗಿ ಇವು ಒಂದಕ್ಕೊಂದು ಪರ್ಯಾಯಗಳೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಬಹುಮಟ್ಟಿಗೆ ಅದು ನಿಜವೂ ಹೌದು. ಆದರೆ ಎರಡು ಕಡೆ ಈ ಪಾಠಗಳು ಹೊಂದುವುದಿಲ್ಲ; ಆ ಹೊಂದದಿರುವಿಕೆಯೇ ಹೊಸ ಜ್ಞಾನಕ್ಕೆ ದ್ವಾರವಾಯಿತು.

ಮೊದಲನೆಯದು, ಫ್ರೆಡ್ರಿಕ್‌ಸನ್ನರ ಮೂರನೆಯ ವರ್ಗದ ರೋಗಿಗಳದು. ಅವರ ರಕ್ತದಲ್ಲಿ ೧.೦೦೬ರಲ್ಲಿಯೇ ತೇಲುವ ಒಂದು ಭಾಗವುಂಟು. ತೇಲುವುದರಿಂದ ಅದು ವಿ.ಎಲ್.ಡಿ.ಎಲ್.; ಆದುದರಿಂದ ವಿದ್ಯುತ್ತಿನ ಪಟ್ಟಿಯ ಮೇಲೆ ಪೂರ್ವಬೀಟಾದ ಸ್ಥಾನದಲ್ಲಿ ನಿಲ್ಲಬೇಕು. ಅದು ಹಾಗೆ ನಿಲ್ಲದೆ ಬೀಟಾದ ಸ್ಥಾನದಲ್ಲಿ ನಿಲ್ಲುತ್ತದೆ. ಇದನ್ನು ತೇಲುವ ಬೀಟಾ ಎಂದು ಕರೆದರು. ಎರಡನೆಯದು, ೧೯೬೩ರಲ್ಲಿ ನಾರ್ವೆಯ ಕೋರೆ ಬೆರ್ಗ್ ಕಂಡುಹಿಡಿದ ಲಿಪೋಪ್ರೋಟೀನ್ ಎ ಎಂಬುದು. ಇದು ಪಟ್ಟಿಯ ಮೇಲೆ ಪೂರ್ವಬೀಟಾದಂತೆ ಓಡುತ್ತದೆ, ಆದರೆ ೧.೦೦೬ರಲ್ಲಿ ತೇಲದೆ ಮುಳುಗುತ್ತದೆ. ಆದುದರಿಂದ ಮುಳುಗುವ ಪೂರ್ವಬೀಟಾ ಎಂಬ ಹೆಸರು ಬಂದಿತು. ಇವೆರಡೂ ಧಮನಿಗಳಿಗೆ ಕೇಡುಂಟುಮಾಡುವ ಪದಾರ್ಥಗಳೇ. ಒಂದೇ ಕ್ರಮವನ್ನು ಅನುಸರಿಸಿದ್ದವರಿಗೆ ಇವೆರಡರ ನಿಜಸ್ವರೂಪವು ತಿಳಿಯುತ್ತಿರಲಿಲ್ಲ. ಎರಡು ಪ್ರತಿಗಳು ಒಂದು ಪದ್ಯದಲ್ಲಿ ಭಿನ್ನವಾದಾಗ ಸಂಪಾದಕನು ಒಂದನ್ನು ತಪ್ಪೆಂದು ಒಡನೆ ತಳ್ಳಿಬಿಡದೆ ಭೇದದ ಕಾರಣವನ್ನು ಹುಡುಕಬೇಕೆಂಬ ನಿಯಮಕ್ಕೆ ಇದು ಒಳ್ಳೆಯ ನಿದರ್ಶನ.

೭

ಅಲ್ಟ್ರಾಸೆಂಟ್ರಿಫ್ಯೂಜ್ ಎಲ್ಲ ಆಸ್ಪತ್ರೆಗಳಿಗೂ ಎಟುಕುವ ಯಂತ್ರವಲ್ಲ. ಆದುದರಿಂದ ಮೂರನೆಯ ದಾರಿ ಹುಟ್ಟಿತು. ಪ್ಯಾರಿಸ್ಸಿನ ಬುರ್‌ಸ್ಟೈನ್ ಎಂಬವರು ೧೯೫೦ರ ದಶಕದ ಕೊನೆಯಿಂದ, ಹೆಪಾರಿನ್ ಮೊದಲಾದ ಪದಾರ್ಥಗಳನ್ನು ಲೋಹದ ಲವಣಗಳೊಡನೆ ಸೇರಿಸಿ, ಬೀಟಾ ವರ್ಗದವನ್ನು ಗಸಿಯಾಗಿ ಇಳಿಸಿ, ಎಚ್.ಡಿ.ಎಲ್. ಮಾತ್ರ ತಿಳಿಯಲ್ಲಿ ಉಳಿಯುವಂತೆ ಮಾಡುವ ಕ್ರಮವನ್ನು ಬೆಳೆಸಿದರು. ಹೀಗೆ ಒಟ್ಟು ಕೊಲೆಸ್ಟೆರಾಲ್, ಟ್ರೈಗ್ಲಿಸರೈಡ್, ಎಚ್.ಡಿ.ಎಲ್. ಕೊಲೆಸ್ಟೆರಾಲ್ ಎಂಬ ಮೂರನ್ನು ಸುಲಭವಾಗಿ ಅಳೆಯಬಹುದಾಯಿತು. ೧೯೭೪ರಲ್ಲಿ ಆಲೆನ್ ಮತ್ತು ಸಂಗಡಿಗರು ಕಿಣ್ವಗಳಿಂದ ಕೊಲೆಸ್ಟೆರಾಲನ್ನು ಅಳೆಯುವ ಕ್ರಮವನ್ನು ಪ್ರಕಟಿಸಿದುದರಿಂದ ಗಂಧಕಾಮ್ಲದ ಹಸುರುಬಣ್ಣದ ಕ್ರಮವು ಹಿಂದೆ ಬಿದ್ದಿತು.

ಉಳಿದದ್ದು ಎಲ್.ಡಿ.ಎಲ್. ಇದಕ್ಕೆ ೧೯೭೨ರಲ್ಲಿ ಫ್ರೀಡ್‌ವಾಲ್ಡ್, ಲೀವಿ, ಫ್ರೆಡ್ರಿಕ್‌ಸನ್ ಎಂಬವರು ೪೪೮ ಮಂದಿಯ ಪರೀಕ್ಷೆಗಳ ಆಧಾರದಿಂದ ಒಂದು ಲೆಕ್ಕವನ್ನು ಕೊಟ್ಟರು. ಉಪವಾಸದ ರಕ್ತದಲ್ಲಿ ಟ್ರೈಗ್ಲಿಸರೈಡಿನ ಐದನೆಯ ಒಂದು ಪಾಲನ್ನು ವಿ.ಎಲ್.ಡಿ.ಎಲ್. ಕೊಲೆಸ್ಟೆರಾಲ್ ಎಂದು ಹಿಡಿಯಬೇಕು. ಒಟ್ಟು ಕೊಲೆಸ್ಟೆರಾಲಿನಿಂದ ಅದನ್ನೂ ಎಚ್.ಡಿ.ಎಲ್. ಅಂಕಿಯನ್ನೂ ಕಳೆದರೆ ಉಳಿದದ್ದು ಎಲ್.ಡಿ.ಎಲ್. ಒಂದು ಡೆಸಿಲೀಟರಿಗೆ ಒಟ್ಟು ೨೦೦ ಮಿಲಿಗ್ರಾಂ, ಎಚ್.ಡಿ.ಎಲ್. ೪೦, ಟ್ರೈಗ್ಲಿಸರೈಡ್ ೧೫೦ ಎಂದಿಟ್ಟುಕೊಂಡರೆ, ೧೫೦ರ ಐದನೆಯ ಪಾಲು ೩೦. ೨೦೦ರಲ್ಲಿ ೪೦ನ್ನೂ ೩೦ನ್ನೂ ಕಳೆದರೆ ಎಲ್.ಡಿ.ಎಲ್. ೧೩೦. ಲೆಕ್ಕವು ಸರಳ, ಸರಳವಾದುದರಿಂದಲೇ ಜಗತ್ತಿನಾದ್ಯಂತ ಹರಡಿತು. ಆದರೆ ಅದರ ಕರ್ತೃಗಳೇ ಮೂರು ನಿಷೇಧಗಳನ್ನು ಹೇಳಿದ್ದರು: ಕೈಲೋಮೈಕ್ರಾನುಗಳಿರುವ ರಕ್ತಕ್ಕೂ, ಟ್ರೈಗ್ಲಿಸರೈಡ್ ೪೦೦ನ್ನು ಮೀರಿದಾಗಲೂ, ಮೇಲೆ ಹೇಳಿದ ಮೂರನೆಯ ವರ್ಗದ ರೋಗಿಗಳಿಗೂ ಇದು ಸಲ್ಲದು. ಲೆಕ್ಕವು ಊರೂರಿಗೆ ಹೋಯಿತು. ನಿಷೇಧಗಳು ಅದರೊಡನೆ ಅಷ್ಟು ದೂರ ಹೋಗಲಿಲ್ಲ.

ಐದೆಂಬ ಭಾಜಕವು ಎಲ್ಲರಿಗೂ ಒಂದೇ ಅಲ್ಲವೆಂಬುದೇ ಇದರ ದೌರ್ಬಲ್ಯ. ಮೇಲಿನ ಉದಾಹರಣೆಯಲ್ಲಿ ಟ್ರೈಗ್ಲಿಸರೈಡ್ ಮಾತ್ರ ೩೫೦ ಆಗಿ ಉಳಿದವು ಹಾಗೆಯೇ ಇದ್ದರೆ, ಲೆಕ್ಕದಂತೆ ಎಲ್.ಡಿ.ಎಲ್. ೯೦. ಆದರೆ ಆ ವ್ಯಕ್ತಿಯಲ್ಲಿ ನಿಜವಾದ ಭಾಜಕವು ಏಳಾಗಿದ್ದರೆ ಎಲ್.ಡಿ.ಎಲ್. ೧೧೦. ಟ್ರೈಗ್ಲಿಸರೈಡ್ ಏರಿದಂತೆಲ್ಲ ಹಳೆಯ ಲೆಕ್ಕವು ಅಪಾಯವನ್ನು ಕಡಿಮೆಯೆಂದು ತೋರಿಸುವ ಕಡೆಗೆ ವಾಲುತ್ತದೆ. ೨೦೧೩ರಲ್ಲಿ ಅಮೆರಿಕದ ಮಾರ್ಟಿನ್ ಮತ್ತು ಸಂಗಡಿಗರು ಹದಿಮೂರು ಲಕ್ಷಕ್ಕೂ ಮೇಲ್ಪಟ್ಟ ಪರೀಕ್ಷೆಗಳನ್ನು ಸೋಸಿ ನೋಡಿ, ಈ ಭಾಜಕವು ಸುಮಾರು ಮೂರರಿಂದ ಹನ್ನೆರಡರ ಸಮೀಪದವರೆಗೆ ಬದಲಾಗುವುದೆಂದು ತೋರಿಸಿ, ವ್ಯಕ್ತಿಯ ಅಂಕಿಗಳಿಗೆ ತಕ್ಕ ಭಾಜಕವನ್ನು ಆಯುವ ಕೋಷ್ಟಕವನ್ನು ಕೊಟ್ಟರು. ೨೦೨೦ರಲ್ಲಿ ಸ್ಯಾಂಪ್ಸನ್ ಮತ್ತು ಸಂಗಡಿಗರು ಇನ್ನೊಂದು ಸಮೀಕರಣವನ್ನು ಪ್ರಕಟಿಸಿದರು.

೮

ಈ ವಿಚಾರವು ದೂರದೇಶದ ಪಂಡಿತರ ಚರ್ಚೆಯೆಂದು ಬಿಡುವಂತಿಲ್ಲ. ಭಾರತೀಯರಲ್ಲಿ ಟ್ರೈಗ್ಲಿಸರೈಡ್ ಹೆಚ್ಚಾಗಿಯೂ ಎಚ್.ಡಿ.ಎಲ್. ಕಡಿಮೆಯಾಗಿಯೂ ಇರುವುದು ಬಹಳವಾಗಿ ಕಂಡುಬರುತ್ತದೆ. ಹಳೆಯ ಲೆಕ್ಕವು ಎಲ್ಲಿ ದುರ್ಬಲವೋ ಅಲ್ಲಿಯೇ ಈ ಜನರ ರಕ್ತವು ನಿಲ್ಲುತ್ತದೆ. ೫೨ ದೇಶಗಳಲ್ಲಿ ನಡೆದು ೨೦೦೪ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಎಂಬ ಸಂಶೋಧನೆಯಲ್ಲಿ ಭಾರತದ ಭಾಗವನ್ನು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಮಹಾವಿದ್ಯಾಲಯವು ಸಮನ್ವಯಗೊಳಿಸಿತು. ಅಲ್ಲಿ ಮೇದಸ್ಸನ್ನಳೆಯುವ ಬದಲು ಅದನ್ನು ಹೊರುವ ಪ್ರೋಟೀನುಗಳನ್ನೇ, ಎಂದರೆ ಎಲ್.ಡಿ.ಎಲ್. ಮುಂತಾದವುಗಳ ಅಪೋ-ಬಿ ಎಂಬುದನ್ನೂ ಎಚ್.ಡಿ.ಎಲ್.ಗೆ ಸೇರಿದ ಅಪೋ-ಎ೧ ಎಂಬುದನ್ನೂ ಅಳೆದರು. ಹೃದಯಾಘಾತಕ್ಕೆ ಕಾರಣಗಳೆಂದು ಎಣಿಸಿದವುಗಳಲ್ಲಿ ಇವೆರಡರ ಪರಸ್ಪರ ಪ್ರಮಾಣವೇ ಅತ್ಯಂತ ಬಲವಾದ ಸೂಚನೆಯೆಂದು ಕಂಡಿತು. ಪ್ರತಿಯೊಂದು ಎಲ್.ಡಿ.ಎಲ್. ಕಣದಲ್ಲಿಯೂ ಅಪೋ-ಬಿ ಒಂದೇ ಒಂದು ಇರುವುದರಿಂದ ಅದನ್ನು ಅಳೆಯುವುದೆಂದರೆ ಕಣಗಳನ್ನು ಎಣಿಸಿದಂತೆಯೇ. ಉಪವಾಸವಿಲ್ಲದ ರಕ್ತದಲ್ಲಿಯೂ ಈ ಅಳತೆಯು ನಿಲ್ಲುತ್ತದೆ. ದೂರದ ಹಳ್ಳಿಯಿಂದ ಉಂಡು ಹೊರಟು ಬರುವವರಿಗೆ ಇದು ಸಣ್ಣ ಅನುಕೂಲವಲ್ಲ.

ಮೈಸೂರಿನ ಒಂದು ಮಿಷನ್ ಆಸ್ಪತ್ರೆಯಲ್ಲಿ ೧೯೩೪ರಿಂದ ೧೯೫೪ರವರೆಗೆ ಹುಟ್ಟಿದವರಲ್ಲಿ ೫೧೭ ಮಂದಿಯನ್ನು ಪರೀಕ್ಷಿಸಿ ೧೯೯೬ರಲ್ಲಿ ಪ್ರಕಟಿಸಿದ ಲೇಖನವೊಂದು, ಹುಟ್ಟುವಾಗ ತೂಕ ಕಡಿಮೆಯಿದ್ದವರಲ್ಲಿ ಹೃದ್ರೋಗವು ಹೆಚ್ಚೆಂದು ತೋರಿಸಿತು. ದಾದಿಯರು ಬರೆದಿಟ್ಟ ಜನನದ ದಾಖಲೆಗಳು ಅರ್ಧ ಶತಮಾನದ ಬಳಿಕ ಶಾಸ್ತ್ರಕ್ಕೆ ಆಧಾರವಾದದ್ದು, ದಾಖಲೆಯಲ್ಲಿ ಏನನ್ನು ಅಳೆದರು, ಏನನ್ನು ಊಹಿಸಿದರು ಎಂಬುದು ಸ್ಪಷ್ಟವಾಗಿರಬೇಕೆಂಬುದಕ್ಕೆ ಇನ್ನೊಂದು ಸಾಕ್ಷಿ.

೯

ಇನ್ನು ಹೆಸರುಗಳ ವಿಚಾರ. ಕನ್ನಡದಲ್ಲಿ ಎಲ್.ಡಿ.ಎಲ್.ಅನ್ನು ಕೆಟ್ಟ ಕೊಬ್ಬೆಂದೂ ಎಚ್.ಡಿ.ಎಲ್.ಅನ್ನು ಒಳ್ಳೆಯ ಕೊಬ್ಬೆಂದೂ ಹೇಳುವುದು ರೂಢಿಯಾಗಿದೆ. ಇದರಲ್ಲಿ ಎರಡು ದೋಷಗಳುಂಟು. ಒಂದನೆಯದಾಗಿ, ಎರಡರಲ್ಲಿಯೂ ಇರುವ ಕೊಲೆಸ್ಟೆರಾಲ್ ಒಂದೇ ಪದಾರ್ಥ. ಭೇದವಿರುವುದು ಅದನ್ನು ಹೊತ್ತ ವಾಹನದಲ್ಲಿ, ಅದು ಹೋಗುವ ದಾರಿಯಲ್ಲಿ. ಎರಡನೆಯದಾಗಿ, ಎಲ್.ಡಿ.ಎಲ್. ಎಂಬುದನ್ನು ಕಡಿಮೆ ಸಾಂದ್ರತೆಯದೆಂದು ಕನ್ನಡಿಸಿದರೆ, ಕಡಿಮೆ ಎಂಬ ಮಾತು ಪರಿಮಾಣಕ್ಕೂ ಸಾಂದ್ರತೆಗೂ ಸಾಧಾರಣವಾದುದರಿಂದ ಭ್ರಾಂತಿಗೆ ಎಡೆಯಾಗುತ್ತದೆ. ಕಡಿಮೆಯದು ಹೆಚ್ಚಾಗಿದೆ, ಹೆಚ್ಚಿನದು ಕಡಿಮೆಯಾಗಿದೆ ಎಂಬ ವಾಕ್ಯವನ್ನು ಕೇಳಿದ ರೋಗಿಗೆ ಯಾವ ಅರ್ಥವಾದೀತು?

ಆದುದರಿಂದ ಸಾಮಾನ್ಯನಾಮವಾಗಿ ಮೇದೋವಾಹಕವೆಂದೂ, ವರ್ಗನಾಮಗಳಾಗಿ ಲಘು ಮೇದೋವಾಹಕ, ಅತಿಲಘು ಮೇದೋವಾಹಕ, ಗುರು ಮೇದೋವಾಹಕವೆಂದೂ ಹೇಳುವುದು ಯುಕ್ತವೆಂದು ತೋರುತ್ತದೆ. ಲಘು ಗುರು ಎಂಬ ಮಾತುಗಳು ಛಂದಸ್ಸನ್ನು ಕಲಿತ ಪ್ರತಿಯೊಬ್ಬ ವಿದ್ಯಾರ್ಥಿಗೂ ಪರಿಚಿತವಾದವು. ಅವು ಭಾರವನ್ನು ಹೇಳುತ್ತವೆಯೇ ಹೊರತು ಪರಿಮಾಣವನ್ನು ಹೇಳುವುದಿಲ್ಲ. ಲಘುವು ಹೆಚ್ಚಾಗಿದೆ, ಗುರುವು ಕಡಿಮೆಯಾಗಿದೆ ಎಂದರೆ ಸಂದೇಹಕ್ಕೆ ಎಡೆಯಿಲ್ಲ. ೧೯೧೮ರಲ್ಲಿ ವಿಜ್ಞಾನ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದವರಲ್ಲೊಬ್ಬರಾದ ಬೆಳ್ಳಾವೆ ವೆಂಕಟನಾರಣಪ್ಪನವರೇ ಪಂಪನ ಕಾವ್ಯವನ್ನೂ ಸಂಪಾದಿಸಿದವರು. ಶಾಸ್ತ್ರದ ಮಾತಿಗೂ ಕಾವ್ಯದ ಮಾತಿಗೂ ಒಂದೇ ಶುದ್ಧಿಯು ಬೇಕೆಂಬುದಕ್ಕೆ ಅವರ ಜೀವಿತವೇ ಪ್ರಮಾಣ.

ಹೆಸರಿಗಿಂತಲೂ ಮುಖ್ಯವಾದ ಇನ್ನೊಂದು ಸುಧಾರಣೆಯುಂಟು; ಅದಕ್ಕೆ ಯಂತ್ರವೂ ಬೇಡ, ಹಣವೂ ಬೇಡ. ವರದಿಯ ಎಲ್.ಡಿ.ಎಲ್. ಸಾಲಿನ ಮುಂದೆ ಅಳೆದದ್ದು ಅಥವಾ ಲೆಕ್ಕದಿಂದ ಬಂದದ್ದು ಎಂದೂ, ಲೆಕ್ಕವಾದರೆ ಯಾವ ಲೆಕ್ಕವೆಂದೂ ಒಂದು ಪದವನ್ನು ಕನ್ನಡದಲ್ಲಿ ಬರೆಯುವುದೇ ಅದು. ಗ್ರಂಥಸಂಪಾದಕನು ತಾನು ಊಹಿಸಿ ತುಂಬಿದ ಅಕ್ಷರಗಳನ್ನು ಕಂಸದೊಳಗಿಡುವುದು ಈ ನ್ಯಾಯದಿಂದಲೇ. ಮುಧೋಳದ ಕವಿಯು ಪರೀಕ್ಷಕನನ್ನು ಕೇಳಿದ ಪ್ರಶ್ನೆಯನ್ನು, ಅದೇ ಊರಿನ ಆಸ್ಪತ್ರೆಯಿಂದ ಹೊರಬರುವ ರೋಗಿಯೂ ತನ್ನ ಕೈಯ ಕಾಗದವನ್ನು ಕೇಳುವಂತಾದರೆ, ಮಾಶ್‌ಬಫ್ ಮೊದಲ್ಗೊಂಡು ಇಷ್ಟು ಜನ ಪಟ್ಟ ಶ್ರಮವು ಈ ನಾಡಿನಲ್ಲಿಯೂ ಸಾರ್ಥಕವಾಗುವುದು.